ಒಂದೇ ಚೌಕ

ಫೆಬ್ರವರಿ 10, 2025, ಸೋಮವಾರ. ಮೆಲ್ಬರ್ನ್

ಇವತ್ತಿನಿಂದ ವಾರದಲ್ಲಿ ನಾಲ್ಕು ದಿನ ನಾನು ಮೆಲ್ಬರ್ನಿನವಳು, ಉಳಿದ ದಿನ ಸಿಡ್ನಿಯ ಮನೆ. ಕಂಪನಿ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಫ್ಲ್ಯಾಟ್ ಕೊಟ್ಟಿದೆ. ಬಿಳಿ ಗೋಡೆ, ಬಿಳಿ ಸೋಫಾ, ಅಡುಗೆಮನೆಯಲ್ಲಿ ಎರಡು ತಟ್ಟೆ. ಕಿಟಕಿ ತೆರೆದರೆ ಗಾಳಿಗೆ ಬಾಗಿಲುಗಳೆಲ್ಲ ಬಡಿದುಕೊಳ್ಳುತ್ತವೆ. ಮುಚ್ಚಿದರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಇದು ನಮ್ಮ ಸಿಇಒ ಗ್ರೇಮ್‌ನ ಯೋಚನೆ. "ಮಾರ್ಕೆಟಿಂಗ್ ಸಿಡ್ನಿಯಲ್ಲಿ, ಟೆಕ್ನಾಲಜಿ ಮೆಲ್ಬರ್ನಿನಲ್ಲಿ ಕೂತು ಇಮೇಲ್‌ನಲ್ಲಿ ಜಗಳ ಆಡ್ತಾ ಇದ್ರೆ ಈ ಕಂಪನಿ ಯಾವತ್ತೂ ಡಿಜಿಟಲ್ ಆಗಲ್ಲ, ಜೋ. ಒಂದೇ ಟೇಬಲ್‌ನಲ್ಲಿ ಕೂತ್ಕೊಳ್ಳಿ" ಎಂದ. ಎರಡು ರಾಜ್ಯಗಳಲ್ಲಿ ನಮ್ಮ ಕನ್ನಡಕದ ಅಂಗಡಿಗಳಿವೆ. ಪ್ರತಿ ಅಂಗಡಿಯಲ್ಲೂ ಕಣ್ಣು ಪರೀಕ್ಷೆ ಮಾಡುವವರಿದ್ದಾರೆ. ಇದುವರೆಗೆ ಒಂದೊಂದು ಅಂಗಡಿಯದೂ ಒಂದೊಂದು ಹಳೆಯ ಕಂಪ್ಯೂಟರ್. ಇನ್ನು ಎಲ್ಲವೂ ಒಂದೇ ಆ್ಯಪ್‌ನಲ್ಲಿ. ಅದನ್ನು ಕಟ್ಟುವವನು ಟೆಕ್ನಾಲಜಿ ಮುಖ್ಯಸ್ಥ ಸುಕೇಶ್. ಜನರ ಕೈಗೆ ಮುಟ್ಟಿಸಬೇಕಾದವಳು ಮಾರ್ಕೆಟಿಂಗ್ ಮುಖ್ಯಸ್ಥೆ ಜೊವಾನಿಟಾ, ಅಂದರೆ ನಾನು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಿನ್ನಿಗೋಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಆಫೀಸಿನಲ್ಲಿ ಇದನ್ನು ಓದಬಲ್ಲವನು ಒಬ್ಬನೇ, ಕಾರ್ಕಳದ ಆ ಸುಕೇಶ್. ಅವನಿಗೆ ತೋರಿಸುವ ಪ್ರಶ್ನೆಯೇ ಇಲ್ಲ. ಇಬ್ಬರೂ ಒಂದೇ ತುಳುನಾಡಿನಿಂದ ಬಂದವರೆಂದು ಇಬ್ಬರಿಗೂ ಗೊತ್ತು. ಆದರೂ ನಾಲ್ಕು ವರ್ಷಗಳಿಂದ ಇಂಗ್ಲಿಷಿನಲ್ಲೇ ಕಾದಾಡುತ್ತಿದ್ದೇವೆ.

ಫೆಬ್ರವರಿ 20, ಗುರುವಾರ

ಇವತ್ತು ಗೆದ್ದೆ.

ಆ್ಯಪ್‌ನಲ್ಲಿ ಗ್ರಾಹಕರಿಗೆ ಒಂದು ಪ್ರಶ್ನೆ ಕೇಳಬೇಕು: ನಮ್ಮಿಂದ ಸಂದೇಶ ಬರಬಹುದೇ, ಬೇಡವೇ. ಸುಕೇಶ್ ಟಿಕ್ ಹಾಕಲು ಎರಡು ಚೌಕ ಬೇಕೆಂದು ಹಟ ಹಿಡಿದಿದ್ದ. ಒಂದು ಜಾಹೀರಾತಿಗೆ, ಇನ್ನೊಂದು 'ನಿಮ್ಮ ಕಣ್ಣು ಪರೀಕ್ಷೆಯ ಸಮಯ ಬಂದಿದೆ' ಎನ್ನುವ ರಿಮೈಂಡರಿಗೆ. ನನಗೆ ಒಂದೇ ಚೌಕ ಸಾಕು. ಪ್ರಶ್ನೆ ಹೆಚ್ಚಾದಷ್ಟೂ ಗ್ರಾಹಕರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಇದು ನಾವು ಪರೀಕ್ಷಿಸಿ ನೋಡಿದ ವಿಷಯ.

"ಆಫರ್ ಬೇಡ ಅಂದವರಿಗೆ ರಿಮೈಂಡರ್ ಹೋಗ್ಬೇಕಾ, ಬೇಡ್ವಾ?" ಎಂದು ಕೇಳಿದ. ಹಿಂದಿನ ವಾರ ಇಮೇಲ್‌ನಲ್ಲೂ ಇದನ್ನೇ ಕೇಳಿದ್ದ.

"ಅದನ್ನು ಲೀಗಲ್ ವಿಭಾಗದವರು ನೋಡ್ತಾರೆ. ನೀವು ಒಂದೇ ಚೌಕ ಮಾಡಿ" ಎಂದೆ. ಗ್ರೇಮ್ ತಲೆಯಾಡಿಸಿದ. ಸುಕೇಶ್ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ. ಆ ಮನುಷ್ಯನಿಗೆ ಮಾರ್ಕೆಟಿಂಗ್ ಎಂದರೆ ಬಣ್ಣ ಬಳಿಯುವ ಕೆಲಸ.

ಸಂಜೆ ಗಂಡನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕೆಂದಿದ್ದೆ. ಗ್ಲಾಡ್ವಿನ್ ಆಗಲೇ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಗೆ ಡ್ಯೂಟಿಗೆ ಹೊರಟಿದ್ದ. ನರ್ಸುಗಳು ವಾರ್ಡಿನಲ್ಲಿ ಫೋನ್ ಮುಟ್ಟುವಂತಿಲ್ಲ.

ಮಾರ್ಚ್ 15, ಶನಿವಾರ. ಮಾರ್ಸ್ಡನ್ ಪಾರ್ಕ್, ಸಿಡ್ನಿ

ನಿನ್ನೆ ಮೆಲ್ಬರ್ನ್ ಕಡೆಯ, ವಿಕ್ಟೋರಿಯಾ ರಾಜ್ಯದ ಅಂಗಡಿಗಳಲ್ಲಿ ಆ್ಯಪ್ ಶುರುವಾಯಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಕೇಕಿನ ಒಂದು ತುಂಡು ಕಟ್ಟಿಸಿಕೊಂಡು ಇವತ್ತು ಬೆಳಿಗ್ಗೆ ವಿಮಾನದಲ್ಲಿ ಸಿಡ್ನಿಗೆ ತಂದೆ. ಮನೆಗೆ ಬಂದರೆ ಪರದೆಗಳೆಲ್ಲ ಎಳೆದಿದ್ದವು. ಗ್ಲಾಡ್ವಿನ್ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ. ಅವನು ಎದ್ದಾಗ ನಾನು ದಿನಸಿ ತರಲು ಹೋಗಿದ್ದೆ, ಬಂದಾಗ ಅವನು ಹೊರಟಾಗಿತ್ತು. ಒಲೆಯ ಮೇಲೆ ನನಗೆಂದು ಸಾರು ಮಾಡಿಟ್ಟಿದ್ದ. ಕೇಕ್ ಅವನು ತಿಂದಿರಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ನಾನು ತಿಂದೆ.

ಏಪ್ರಿಲ್ 20, ಭಾನುವಾರ. ಮಾರ್ಸ್ಡನ್ ಪಾರ್ಕ್

ಈಸ್ಟರ್. ಗ್ಲಾಡ್ವಿನ್‌ಗೆ ಡ್ಯೂಟಿ. ಒಬ್ಬಳೇ ಇಗರ್ಜಿಗೆ ಹೋದೆ. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹಾರೈಸುವಾಗ ಪಕ್ಕದಾಕೆ ಕೈ ಕೊಟ್ಟಳು. ಬೆಚ್ಚಗಿನ ಕೈ. ಈ ವಾರ ನನ್ನನ್ನು ಮೊದಲು ಮುಟ್ಟಿದವಳು ಅವಳೇ ಎಂದು ಆಮೇಲೆ ಕಾರಿನಲ್ಲಿ ಹೊಳೆಯಿತು.

ಮೇ 15, ಗುರುವಾರ. ಮೆಲ್ಬರ್ನ್

ನಮ್ಮ ಸಂದೇಶ ತೆರೆದು ನೋಡುವವರ ಪ್ರಮಾಣ ದುಪ್ಪಟ್ಟಾಗಿದೆ. ಆ ಗ್ರಾಫನ್ನು ದೊಡ್ಡ ಪರದೆಯ ಮೇಲೆ ತೋರಿಸಿದೆ.

"ಬೇಡ ಅಂದವರೆಲ್ಲ ಹೋದ ಮೇಲೆ ಉಳಿದವರು ಓದ್ತಾರೆ. ಅದ್ರಲ್ಲಿ ಆಶ್ಚರ್ಯ ಏನಿದೆ?" ಎಂದ ಸುಕೇಶ್. ಹೊಟ್ಟೆಕಿಚ್ಚು.

ಮೀಟಿಂಗ್ ಮುಗಿದ ಮೇಲೆ ಗ್ರೇಮ್ ನನ್ನನ್ನು ಕಾಫಿಗೆ ಕರೆದುಕೊಂಡು ಹೋದ. ವರ್ಷದ ಕೊನೆಗೆ ಮಾರ್ಕೆಟಿಂಗ್ ಮತ್ತು ಟೆಕ್ನಾಲಜಿ ಸೇರಿ ಒಂದೇ ವಿಭಾಗ, ಒಬ್ಬರೇ ಮುಖ್ಯಸ್ಥರು. "ನಿನ್ನ ಹೆಸರು ನನ್ನ ಮನಸ್ಸಲ್ಲಿದೆ. ಸದ್ಯಕ್ಕೆ ಸುಕೇಶ್ ಜೊತೆ ಚೆನ್ನಾಗಿ ಹೊಂದಿಕೊಂಡು ಹೋಗು" ಎಂದ. ಫ್ಲ್ಯಾಟಿಗೆ ಬಂದು ಈ ಸುದ್ದಿ ಯಾರಿಗೆ ಹೇಳಲಿ ಎಂದು ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಆಮೇಲೆ ಫೋನನ್ನು ಚಾರ್ಜಿಗೆ ಹಾಕಿದೆ.

ಜೂನ್ 12, ಗುರುವಾರ

ಮಧ್ಯಾಹ್ನ ಆ್ಯಪ್ ಕೆಟ್ಟು ನಿಂತಿತು. ಅಂಗಡಿಗಳಿಂದ ಫೋನೋ ಫೋನು. ಮೀಟಿಂಗ್ ರೂಮಿನಲ್ಲಿ ಗ್ರೇಮ್ ಕೂಗಾಡುತ್ತಿರುವಾಗ, ನನ್ನ ಪಕ್ಕ ಕೂತಿದ್ದ ಸುಕೇಶ್ ತುಟಿಯಲ್ಲೇ ತುಳುವಿನಲ್ಲಿ "ಮಂಡೆ ಬೆಚ್ಚ" ಎಂದ. ತಲೆ ಬಿಸಿ. ಈ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ನಗು ಬಂತು, ತಡೆಯಲಾಗಲಿಲ್ಲ. ಸುಕೇಶ್ ನನ್ನತ್ತ ನೋಡಿದರು, ಅವರಿಗೂ ನಗು ಬಂತು. ಗ್ರೇಮ್‌ಗೆ ಏನೂ ಅರ್ಥವಾಗಲಿಲ್ಲ.

ಸಂಜೆ ಲಿಫ್ಟಿನಲ್ಲಿ ನಾನೇ ತುಳುವಿನಲ್ಲಿ "ಊಟ ಆಯ್ತಾ?" ಎಂದು ಕೇಳಿದೆ.

"ಬೆಳಿಗ್ಗೆಯಿಂದ ಇಲ್ಲ ಮಾರಾಯ್ರೆ" ಎಂದರು. ಕೆಳಗೆ ಹೋಗಿ ನೂಡಲ್ಸ್ ತಿಂದೆವು.

ಜೂನ್ 22, ಭಾನುವಾರ

ಮಂಜಿಗೆ ವಿಮಾನ ರದ್ದಾಗಿ ಈ ವಾರ ಸಿಡ್ನಿಗೆ ಹೋಗಲಾಗಲಿಲ್ಲ. ವಿಷಯ ತಿಳಿದು ಸುಕೇಶ್ ಮನೆಗೆ ಕರೆದರು. ಅವರ ಮನೆ ಕ್ರಾನ್‌ಬರ್ನ್. ಟ್ರೈನಿನಲ್ಲಿ ಕೊನೆಯ ಸ್ಟೇಷನ್ನು. ಹೆಂಡತಿ ನವ್ಯಾ ಕೋರಿ ರೊಟ್ಟಿ ಮಾಡಿದ್ದಳು. ಇಬ್ಬರು ಹೆಣ್ಣುಮಕ್ಕಳು ತುಳು ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಗ್ರೇಮ್ ಮುಂದೆ ಹುಬ್ಬು ಗಂಟಿಕ್ಕುವ ಮನುಷ್ಯ ಮನೆಯಲ್ಲಿ ಮಕ್ಕಳ ಜಡೆ ಹೆಣೆಯುತ್ತಾರೆ.

ಊಟವಾದ ಮೇಲೆ ಸ್ಟೇಷನ್ನಿಗೆ ಬಿಡಲು ಬಂದವರು ಕಾರಿನಲ್ಲೇ ಹೇಳಿದರು. "ಗ್ರೇಮ್ ನಿಮಗೂ ಹೇಳಿದ್ದಾನಲ್ವಾ, ಒಬ್ಬರೇ ಉಳಿಯುದು ಅಂತ?"

"ನಿಮಗೂ ಹೇಳಿದ್ನಾ?"

"ನನ್ನ ಹೆಸರು ಅವನ ಮನಸ್ಸಲ್ಲಿ ಉಂಟಂತೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆದರೆ ಟ್ರೈನ್ ಹೊರಟ ಮೇಲೆ, ಆ ಮನೆಯ ಸದ್ದುಗದ್ದಲ ನೆನೆದು ಎದೆ ಖಾಲಿ ಖಾಲಿ ಅನ್ನಿಸಿತು. ಯಾರ ಮನೆಗೂ ಹೋಗದೆ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಜುಲೈ 17, ಗುರುವಾರ

ಚಳಿ. ಸುಕೇಶ್ ರಜೆಯಲ್ಲಿದ್ದಾರೆ. ಇಡೀ ದಿನ ಮಾತಾಡಿದೆ, ಯಾರೊಂದಿಗೂ ಮಾತಾಡಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಬೆಳಿಗ್ಗೆ ನಾನು ಕೋಟು ತೆಗೆಯುವ ಮೊದಲೇ ಸುಕೇಶ್ ಬಂದು ಚಿಕ್ಕ ಮೀಟಿಂಗ್ ರೂಮಿನ ಬಾಗಿಲು ಹಾಕಿದರು. ಕ್ರಾನ್‌ಬರ್ನ್ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು ನಿನ್ನೆ ಅವರಿಗೆ ಫೋನ್ ಮಾಡಿದ್ದರಂತೆ. ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು ಪ್ರತಿ ಸಲವೂ ತಪ್ಪದೆ ತಪಾಸಣೆಗೆ ಬರುತ್ತಿದ್ದರು. ಈ ಸಲ ಏಪ್ರಿಲ್‌ನಲ್ಲಿ ಬರಬೇಕಿತ್ತು, ಬರಲಿಲ್ಲ. ಈಗ ಬಂದಾಗ ಎಡಗಣ್ಣಿನ ನಡುಭಾಗದ ದೃಷ್ಟಿ ಹಾಳಾಗಿದೆ. ಯಾಕೆ ತಡ ಎಂದರೆ, ರಿಮೈಂಡರ್ ಬರಲಿಲ್ಲ ಎಂದರಂತೆ.

"ರಾತ್ರಿ ಕೂತು ನೋಡಿದೆ. ಆಫರ್ ಬೇಡ ಅಂದವರಿಗೆ ಯಾರಿಗೂ ರಿಮೈಂಡರ್ ಹೋಗ್ಲಿಲ್ಲ. ಮಾರ್ಚ್‌ನಿಂದ. ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಸಕ್ಕರೆ ಕಾಯಿಲೆಯವರು, ಕಣ್ಣಿನ ಒತ್ತಡದವರು."

ಒಂದೇ ಚೌಕ.

ಮಾರ್ಚ್‌ನಿಂದ ದಿನಾ ಒಂದೊಂದು ಆಫರ್ ಕಳಿಸುತ್ತ ಬಂದವಳು ನಾನು. ಜನ ಬೇಸತ್ತು ಬೇಡವೆಂದಷ್ಟೂ ನನ್ನ ಗ್ರಾಫ್ ಏರಿತು.

"ನೀವು ಕೇಳಿದ್ರಿ. ಎರಡು ಸಲ ಕೇಳಿದ್ರಿ" ಎಂದೆ.

"ಕೇಳಿದೆ. ಆಮೇಲೆ ಕಟ್ಟಿದೆ. ಗೊತ್ತಿದ್ದೂ ಕಟ್ಟಿದವ ನಾನು" ಎಂದರು. "ಮೊದಲು ರಿಮೈಂಡರ್ ಎಲ್ಲ ಆನ್ ಮಾಡಿದ್ದೇನೆ. ಇವತ್ತಿನಿಂದ ಹೋಗ್ತದೆ. ಮುಂದೆ ಎಂತ ಮಾಡುದು, ನೀವು ಹೇಳಿ."

ಸೆಪ್ಟೆಂಬರ್ 3, ಬುಧವಾರ

ಇಬ್ಬರೂ ಸೇರಿ ಗ್ರೇಮ್‌ಗೆ ಹೇಳಿದೆವು. ಅವನು ಕೆಟ್ಟ ಮನುಷ್ಯನಲ್ಲ. ಆದರೆ ನವೆಂಬರಿನಲ್ಲಿ ಸಿಡ್ನಿಯ ಅಂಗಡಿಗಳಲ್ಲೂ ಆ್ಯಪ್ ಬರಬೇಕು, ಬೋರ್ಡಿಗೆ ಮಾತು ಕೊಟ್ಟಿದ್ದಾನೆ.

"ಅಂಗಡಿಯವರು ಎಲ್ಲರಿಗೂ ಫೋನ್ ಮಾಡಿ ತಪಾಸಣೆಗೆ ಕರೆಯಲಿ. ಯಾಕೆ ತಡವಾಯ್ತು ಅಂತ ಹೇಳೋದು ಬೇಡ. ಬೋರ್ಡ್ ಮೀಟಿಂಗ್ ಆಗೋವರೆಗೆ ಯಾರೂ ಬಾಯಿ ಬಿಡಬೇಡಿ" ಎಂದ.

ಹೊರಗೆ ಬಂದ ಮೇಲೆ ಸುಕೇಶ್ ಕೇಳಿದರು. "ಕಾರಣ ಹೇಳದಿದ್ರೆ ಜನ ಎಂತ ತಿಳ್ಕೊಳ್ತಾರೆ?"

ಸೆಪ್ಟೆಂಬರ್ 6, ಶನಿವಾರ. ಮಾರ್ಸ್ಡನ್ ಪಾರ್ಕ್

ಗ್ಲಾಡ್ವಿನ್ ಬೆಳಿಗ್ಗೆ ಬಂದಾಗ ನಾನು ಎದ್ದು ಚಹಾ ಮಾಡಿಟ್ಟಿದ್ದೆ. ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದೆ. ಫೆಬ್ರವರಿಯ ಮೀಟಿಂಗ್, ಆ ಚೌಕ, ಆ ಹೆಂಗಸು, ಗ್ರೇಮ್. ಎಲ್ಲವನ್ನೂ ಹೇಳಿ ತಲೆಯೆತ್ತಿದರೆ ಅವನು ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಚಹಾ ಆರಿತ್ತು. ಎಬ್ಬಿಸಲಿಲ್ಲ. ಬೂಟು ಬಿಚ್ಚಿ ಕಾಲ ಕೆಳಗೆ ಸ್ಟೂಲ್ ಇಟ್ಟೆ. ಹಿಮ್ಮಡಿ ಊದಿಕೊಂಡಿತ್ತು. ಇದು ಯಾವಾಗಿನಿಂದ ಹೀಗಿದೆ ಎಂದು ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ 8, ಸೋಮವಾರ. ಮೆಲ್ಬರ್ನ್

ಇವತ್ತು ಮೊಂತಿ ಫೆಸ್ತ್. ನಮ್ಮ ಕಡೆಯ ಕ್ರೈಸ್ತರ ತೆನೆ ಹಬ್ಬ. ಫ್ಲ್ಯಾಟಿನಲ್ಲಿ ಅನ್ನ, ಒಂದು ತರಕಾರಿ ಮಾಡಿ ಕೂತೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕಾದ ಊಟ. ಎರಡನೆಯ ತಟ್ಟೆಯನ್ನು ಯಾಕೆ ತೆಗೆದಿಟ್ಟೆನೋ, ತಿರುಗಿ ಒಳಗಿಟ್ಟೆ.

ಸುಕೇಶ್‌ಗೆ ಫೋನ್ ಮಾಡಿ, "ಆ ಹೆಂಗಸಿನ ಹೆಸರೇನು?" ಎಂದು ಕೇಳಿದೆ.

"ಇಂದಿರಮ್ಮ. ಮೈಸೂರು ಕಡೆಯವರು. ನಮ್ಮ ಮನೆಯಿಂದ ಹತ್ತಿರವೇ."

"ನಾನು ಅವರ ಮನೆಗೆ ಹೋಗ್ಬೇಕು ಸುಕೇಶ್."

"ಗೊತ್ತಾದ್ರೆ ಗ್ರೇಮ್ ಬಿಡುದಿಲ್ಲ. ನಾನೂ ಬರ್ತೇನೆ" ಎಂದರು.

ಸೆಪ್ಟೆಂಬರ್ 11, ಗುರುವಾರ

ಕ್ರಾನ್‌ಬರ್ನ್‌ನಲ್ಲಿ ಹೊಸ ಮನೆಗಳ ಸಾಲು. ಎಲ್ಲವೂ ಒಂದೇ ಬಣ್ಣ. ಬಾಗಿಲು ತೆರೆದವನು ಇಂದಿರಮ್ಮನ ಮಗ ಬದರಿನಾಥ. ಕಂಪನಿಯ ಹೆಸರು ಹೇಳಿದ ಕೂಡಲೇ ಮುಖ ಬಿಗಿಯಾಯಿತು, ಆದರೂ ಒಳಗೆ ಕರೆದ. ಇಂದಿರಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. ಎಪ್ಪತ್ತರ ಹತ್ತಿರದ ಸಣ್ಣ ಮೈಕಟ್ಟಿನ ಹೆಂಗಸು. ನಾನು ಕನ್ನಡದಲ್ಲಿ ನಮಸ್ಕಾರ ಎಂದಾಗ ಪೂರ್ತಿ ತಿರುಗಿ ಬಲಗಣ್ಣಿನಿಂದ ನನ್ನನ್ನು ನೋಡಿದರು.

"ನೋಡ್ರಮ್ಮ, ನನಗೆ ಗೊತ್ತೇ ಆಗ್ಲಿಲ್ಲ. ಕನ್ನಡಕ ಕೊಳೆಯಾಗಿದೆ ಅಂದ್ಕೊಂಡು ಒರೆಸ್ತಾನೇ ಇದ್ದೆ. ಸೀರೆ ಸೆರಗಲ್ಲಿ ಒರೆಸಿದೆ, ಸೋಪು ಹಾಕಿ ತೊಳೆದೆ. ಕೊಳೆ ಹೋಗ್ಲೇ ಇಲ್ಲ."

ಬದರಿನಾಥ ನಿಂತೇ ಇದ್ದ. "ತಪ್ಪು ನಂದೇ ಮೇಡಂ. ಅಮ್ಮನ ಫೋನಿಗೆ ದಿನಾ ಒಂದು ಆಫರ್ ಬರ್ತಿತ್ತು. ಬೇಜಾರಾಗಿ ನಾನೇ ಆ್ಯಪ್‌ನಲ್ಲಿ ಟಿಕ್ ತೆಗೆದು ಸ್ಟಾಪ್ ಮಾಡಿದೆ. ಆಮೇಲೆ ತಪಾಸಣೆ ತಾರೀಖು ನಾನೇ ನೆನಪಿಟ್ಕೋಬೇಕಿತ್ತು. ಮರೆತೆ." ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಅವತ್ತಿಂದ ನಿದ್ದೆ ಬರ್ತಿಲ್ಲ."

ಸುಕೇಶ್ ನನ್ನತ್ತ ನೋಡಿದರು.

"ನಿಮ್ಮ ತಪ್ಪಲ್ಲ ಬದರಿನಾಥ್" ಎಂದೆ. "ನೀವು ಬೇಡ ಅಂದದ್ದು ಜಾಹೀರಾತನ್ನು. ಕಣ್ಣಿನ ರಿಮೈಂಡರ್ ಬರಲೇಬೇಕಿತ್ತು. ಎರಡಕ್ಕೂ ಒಂದೇ ಚೌಕ ಇರಲಿ ಅಂತ ಹೇಳಿದವಳು ನಾನು. ಅದರಿಂದಾಗಿ ರಿಮೈಂಡರ್ ಕೂಡ ನಿಂತುಹೋಯ್ತು."

"ಕಟ್ಟಿದ್ದು ನಾನು" ಎಂದರು ಸುಕೇಶ್.

ಬದರಿನಾಥ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಕುರ್ಚಿಯ ಮೇಲೆ ಕುಸಿದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು. ಇಂದಿರಮ್ಮ ಎದ್ದು, ಮೇಜಿನ ಅಂಚು ಹಿಡಿದುಕೊಂಡು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನನ್ನು ಕೇಳಿದರು.

"ಇನ್ನೊಂದು ಕಣ್ಣು ಉಳಿಯುತ್ತಾ?"

"ನನಗೆ ಗೊತ್ತಿಲ್ಲಮ್ಮ."

ವಾಪಸು ಬರುವಾಗ ಸುಕೇಶ್ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರು. "ಹೀಗೆ ಎಷ್ಟು ಮನೆಯಲ್ಲಿ ಎಷ್ಟು ಮಕ್ಕಳು ತಮ್ಮದೇ ತಪ್ಪು ಅಂದ್ಕೊಂಡು ಕೂತಿದ್ದಾರೋ" ಎಂದರು.

ಸೆಪ್ಟೆಂಬರ್ 18, ಗುರುವಾರ

ಬೋರ್ಡ್ ಮೀಟಿಂಗ್. ಬದರಿನಾಥ ಕಂಪನಿಗೆ ಬರೆದಿದ್ದಾನೆ. ದೂರು ಕೊಟ್ಟಿಲ್ಲ, ಉಳಿದವರಿಗೂ ಕಾರಣ ತಿಳಿಸಿ ಎಂದಷ್ಟೇ. ನಾವು ಅವರ ಮನೆಗೆ ಹೋಗಿದ್ದು ಹಾಗೆ ಹೊರಬಿತ್ತು.

ಫೆಬ್ರವರಿಯಲ್ಲಿ ತಾನೇ ತಲೆಯಾಡಿಸಿದ್ದನ್ನು ಮರೆತವನಂತೆ ಗ್ರೇಮ್ ಕೇಳಿದ. "ಒಂದೇ ಚೌಕ ಅನ್ನೋದು ಯಾರ ತೀರ್ಮಾನ? ಮನೆಗೆ ಹೋಗೋದು ಯಾರ ತೀರ್ಮಾನ?"

ಇಬ್ಬರದೂ ಎಂದು ಹೇಳುವುದೆಂದು ಬೆಳಿಗ್ಗೆ ಕಾಫಿ ಕುಡಿಯುತ್ತ ನಾನೂ ಸುಕೇಶರೂ ಮಾತಾಡಿಕೊಂಡಿದ್ದೆವು. ಸುಕೇಶ್ ಎದುರಿಗಿದ್ದ ನೀರಿನ ಲೋಟ ನೋಡುತ್ತಿದ್ದರು. ಅವರ ಬಾಯಿ ತೆರೆಯಲಿಲ್ಲ. ನಾನು ಕಾದೆ. ಗ್ರೇಮ್ ಇನ್ನೊಮ್ಮೆ ಕೇಳಿದ.

"ಎರಡೂ ನನ್ನದು. ಸುಕೇಶ್ ಎರಡು ಸಲ ಎಚ್ಚರಿಸಿದ್ರು. ಬೇಡ ಅಂದವಳು ನಾನು" ಎಂದೆ. ಎಲ್ಲರಿಗೂ ಕಾರಣ ತಿಳಿಸಬೇಕು, ಸಿಡ್ನಿಯಲ್ಲಿ ಎರಡು ಚೌಕ ಇಡದೆ ಆ್ಯಪ್ ಬಿಡಬಾರದು ಎಂದೂ ಹೇಳಿದೆ.

ಸುಕೇಶ್ ಕೊನೆಯವರೆಗೂ ತಲೆಯೆತ್ತಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಸುಕೇಶರ ಫೋನ್ ಮೂರು ಸಲ ಬಂತು. ಎತ್ತಲಿಲ್ಲ.

ಅಕ್ಟೋಬರ್ 7, ಮಂಗಳವಾರ

ನನ್ನ ಹುದ್ದೆ ಇನ್ನಿಲ್ಲ. ಗ್ರೇಮ್ ಸೌಜನ್ಯದಿಂದಲೇ ಹೇಳಿದ. ಹೊಸ ವಿಭಾಗಕ್ಕೆ ಸುಕೇಶ್ ಮುಖ್ಯಸ್ಥರು. ತಿಂಗಳ ಕೊನೆಯವರೆಗೆ ಫ್ಲ್ಯಾಟ್ ಇಟ್ಟುಕೊಳ್ಳಬಹುದು.

ಮೇಜಿನಲ್ಲಿದ್ದದ್ದನ್ನು ಚೀಲಕ್ಕೆ ತುಂಬುವಾಗ ಸುಕೇಶ್ ಬಂದು ನಿಂತರು. ತುಳು ಬರಲಿಲ್ಲ, ಕನ್ನಡವೂ ಬರಲಿಲ್ಲ. ಮೊದಲು ಇಂಗ್ಲಿಷಿನಲ್ಲಿ ಸಾರಿ ಎಂದರು. ಆಮೇಲೆ, "ನಾನು ಮಾತಾಡ್ಬೇಕಿತ್ತು. ಮನೆ ಲೋನು, ಮಕ್ಕಳು, ಎಲ್ಲ ಕಣ್ಣ ಮುಂದೆ ಬಂತು. ನಾಲಿಗೆ ಏಳ್ಲಿಲ್ಲ."

"ಗೊತ್ತು" ಎಂದೆ.

"ಎಲ್ಲರಿಗೂ ಕಾರಣ ಬರೆದು ಕಳಿಸಿ ಆಯ್ತು. ಮೊದಲ ಸಹಿ ಅದಕ್ಕೇ ಹಾಕಿದ್ದು. ಸಿಡ್ನಿಯಲ್ಲೂ ಎರಡು ಚೌಕ."

"ಒಳ್ಳೇದಾಯ್ತು."

ನಿಜವಾಗಿಯೂ ಒಳ್ಳೆಯದಾಯಿತು. ಆದರೂ ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ದುಃಖವಾಯಿತು. ಹುದ್ದೆ ಹೋದದ್ದಕ್ಕಲ್ಲ. ಈ ಊರಿನಲ್ಲಿ ನನಗಿದ್ದವರು ಅವರೊಬ್ಬರೇ.

ಗ್ಲಾಡ್ವಿನ್‌ಗೆ ಮೆಸೇಜ್ ಹಾಕಿದೆ. ಬ್ರೇಕಿನಲ್ಲಿ ಹೊರಗೆ ಬಂದು ಫೋನ್ ಮಾಡಿದ. ಏನೂ ಸಲಹೆ ಕೊಡಲಿಲ್ಲ. "ಯಾವಾಗ ಬರ್ತಿ?" ಎಂದು ಕೇಳಿದ. ನಾನು ಅವನ ಕಾಲಿನ ಊತದ ಬಗ್ಗೆ ಕೇಳಿದೆ. ಡಾಕ್ಟರಿಗೆ ತೋರಿಸು ಎಂದು ಗದರಿದೆ. ಅವನಿಗೆ ಆಶ್ಚರ್ಯವಾದಂತಿತ್ತು.

ಅಕ್ಟೋಬರ್ 14, ಮಂಗಳವಾರ

ನಿನ್ನೆ ಬದರಿನಾಥ ಫೋನ್ ಮಾಡಿದ್ದ. ಅಮ್ಮನಿಗೆ ಕಣ್ಣಿಗೆ ಇಂಜೆಕ್ಷನ್ ಕೊಡಿಸಬೇಕು, ಹೆಂಡತಿ ಊರಲ್ಲಿಲ್ಲ, ತನಗೆ ರಜೆ ಸಿಗುತ್ತಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ ಎಂದ. ಬರುತ್ತೇನೆ ಎಂದೆ.

ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಇಂದಿರಮ್ಮನನ್ನು ಕರೆದುಕೊಂಡು ಕಣ್ಣಿನ ಕ್ಲಿನಿಕ್ಕಿಗೆ ಹೋದೆ. ಕಾಯುವ ಕೋಣೆ ತುಂಬಿತ್ತು. ಅವರಿಗೆ ಭಯವಾಗಿತ್ತು, ಹೇಳಿಕೊಳ್ಳಲಿಲ್ಲ. ಕೈಚೀಲದ ಹಿಡಿಕೆಯನ್ನು ತಿರುಚುತ್ತಿದ್ದರು. ಬಲಗಣ್ಣಿನಲ್ಲೂ ಶುರುವಾಗಿತ್ತಂತೆ, ಬೇಗ ಸಿಕ್ಕಿದ್ದರಿಂದ ಅದನ್ನು ಉಳಿಸಿಕೊಳ್ಳಬಹುದು ಎಂದಿದ್ದಾರೆ ಡಾಕ್ಟರು. ಎಡಗಣ್ಣು ಇಷ್ಟೇ.

"ಸೂಜಿ ಕಣ್ಣೊಳಗೇ ಚುಚ್ತಾರಾ?"

"ಮರಗಟ್ಟೋ ಹಾಗೆ ಹನಿ ಹಾಕ್ತಾರಮ್ಮ. ನೋವಾಗಲ್ಲ ಅಂತಾರೆ."

ಸುಮಾರು ಹೊತ್ತಿನ ಮೇಲೆ ಕೇಳಿದರು. "ನೀವೀಗ ಆ ಕಂಪನೀಲಿ ಇಲ್ವಂತೆ. ಬದರಿ ಹೇಳ್ದ."

"ಇಲ್ಲಮ್ಮ."

"ಮತ್ತೆ ಯಾಕೆ ಬಂದ್ರಿ?"

ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ಅವರ ಹೆಸರನ್ನು ತುಂಡು ತುಂಡಾಗಿ ಕರೆದಳು. ಇಂದಿರಮ್ಮ ಎದ್ದರು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ನನ್ನ ತೋಳು ಕೊಟ್ಟೆ, ಗಟ್ಟಿಯಾಗಿ ಹಿಡಿದುಕೊಂಡರು.

ನರ್ಸ್ ನನ್ನತ್ತ ನೋಡಿ ಏನೋ ಕೇಳಿದಳು.

"ಏನಂತೆ?" ಎಂದರು ಇಂದಿರಮ್ಮ.

"ನಾನು ನಿಮಗೆ ಏನಾಗ್ಬೇಕು ಅಂತ ಕೇಳ್ತಿದ್ದಾಳೆ."

"ಜೊತೆಗೆ ಬಂದವರು ಅಂತ ಹೇಳಿ" ಎಂದರು.

ಹಾಗೆಯೇ ಹೇಳಿದೆ. ಒಳಗೆ ಹೋದೆವು.